ಅಗ್ಗದ ಮನೆ ಇರೋ ಊರಲ್ಲಿ ಮನೆ ಯಾಕೆ ಸಿಗಲ್ಲ?

ಎಲ್ರಿಗೂ ನಮಸ್ಕಾರ. ಅಮೆರಿಕದ ಈ ಸೇಂಟ್ ಲೂಯಿಸ್ ಸುತ್ತಮುತ್ತ ಮನೆ ತಗೊಳ್ಳೋ ಬಗ್ಗೆ ಮಾತಾಡಿ ಅಂತ ಕನ್ನಡ ಕೂಟದವರು ಕರೆದ್ರು. ಸಬರ್ಬ್ ವಿಷಯ ಇಲ್ಲಿ ಎಲ್ರಿಗೂ ಗೊತ್ತಿರೋದೇ, ಅದನ್ನ ಬಿಟ್ಟುಬಿಡ್ತೀನಿ. ಇಲ್ಲಿಂದ ಗಂಟೆ ದೂರದಲ್ಲಿರೋ, ಇಲಿನಾಯ್ ರಾಜ್ಯದ ಕಾರ್ಲಿನ್‌ವಿಲ್ ಕಥೆ ಹೇಳ್ಬೇಕು, ಯಾಕಂದ್ರೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಯಾರಾದ್ರೂ ಒಬ್ರು ಮನೆ ಮಾರಾಟದ ವೆಬ್‌ಸೈಟ್ ಜಿಲ್ಲೋದ ಸ್ಕ್ರೀನ್‌ಶಾಟ್ ಹಾಕಿ "ಇಲಿನಾಯ್ ಕಡೆ ಹಳ್ಳಿಗಳಲ್ಲಿ ಮನೆ ಇಷ್ಟು ಅಗ್ಗ, ಎರಡು ತಗೊಂಡು ಬಾಡಿಗೆಗೆ ಬಿಡೋಣ್ವಾ" ಅಂತ ಕೇಳ್ತಾನೇ ಇರ್ತಾರೆ. ಆ ಅಗ್ಗದ ಮನೆ ಆ ಊರಲ್ಲೇ ದುಡಿಯೋ ನರ್ಸ್‌ಗೆ, ಸ್ಕೂಲ್ ಟೀಚರ್‌ಗೆ ಸಿಗ್ತಿಲ್ಲ, ನನಗೆ ಸಂಕಟ ಆಗೋದು ಅದು.

ಕಾರ್ಲಿನ್‌ವಿಲ್ ಐದಾರು ಸಾವಿರ ಜನರ ಊರು. 1918ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಆಫ್ ಇಂಡಿಯಾನ ಕಂಪನಿ ಅಲ್ಲಿ ಕಲ್ಲಿದ್ದಲು ಗಣಿ ತೆಗೀತು, ಗಣಿ ಕೆಲಸದವರಿಗೆ ಮನೆ ಬೇಕಲ್ಲ, ಅದಕ್ಕೆ ಸಿಯರ್ಸ್ ಅಂಗಡಿ ಕ್ಯಾಟಲಾಗ್ ನೋಡಿ ಮನೆಗಳನ್ನ ಆರ್ಡರ್ ಮಾಡ್ತು. ಹೌದು, ಮಿಕ್ಸಿ ತರಿಸ್ಕೊಂಡ ಹಾಗೆ ಮನೆ! ಕಾರ್ಲಿನ್‌ವಿಲ್ ಒಂದಕ್ಕೇ 156 ಮನೆ, ಒಟ್ಟು ಆರ್ಡರ್ ಸುಮಾರು ಹತ್ತು ಲಕ್ಷ ಡಾಲರ್. ಮೊದಲೇ ಅಳತೆಗೆ ಕೊಯ್ದ ಮರ, ಮೊಳೆ, ಬಾಗಿಲು, ಕಿಟಕಿ ಎಲ್ಲಾ ರೈಲು ವ್ಯಾಗನ್‌ನಲ್ಲಿ ಬಂತು, ಯಾವ ತುಂಡು ಎಲ್ಲಿಗೆ ಅಂತ ಮರದ ಮೇಲೇ ಅಕ್ಷರ, ನಂಬರು ಒತ್ತಿರ್ತಿದ್ರು. ಈಗಲೂ ಬೇಸ್‌ಮೆಂಟ್‌ಗೆ ಇಳಿದು ಟಾರ್ಚ್ ಹಿಡ್ಕೊಂಡು ತಲೆ ಮೇಲಿನ ತೊಲೆಯ ತುದಿ ನೋಡಿ, ಒಂದು ಇಂಗ್ಲಿಷ್ ಅಕ್ಷರ ಪಕ್ಕದಲ್ಲಿ ನಂಬರು ಕಾಣಿಸಬಹುದು, ಶಾಯಿ ಮಾಸಿರತ್ತೆ, ಮರ ಮಾತ್ರ ಗಟ್ಟಿ. 1908ರಿಂದ 1940ರ ತನಕ ಸಿಯರ್ಸ್ ದೇಶದಾದ್ಯಂತ ಇಂಥ ಸುಮಾರು 70,000 ಮನೆ ಮಾರ್ತು, ಒಂದು ಮಾಡೆಲ್‌ಗೆ ಈ ಊರಿನ ನೆನಪಲ್ಲೇ "ಕಾರ್ಲಿನ್" ಅಂತ ಹೆಸರಿಟ್ರು. ಇನ್ನೊಂದು ವಿಷಯ, ಇದನ್ನ ಗಮನದಲ್ಲಿಟ್ಕೊಳ್ಳಿ, ಸಾಮಾನ್ಯ ಗಿರಾಕಿಗಳಿಗೆ ಸಿಯರ್ಸ್ ಎಷ್ಟೋ ವರ್ಷ ಮನೆ ಜೊತೆ ಸಾಲಾನೂ ಕೊಡ್ತಿತ್ತು.

ಆಮೇಲೆ 1920ರ ದಶಕದ ಮಧ್ಯದಲ್ಲಿ ಗಣಿ ಮುಚ್ಚಿಹೋಯ್ತು. ಮನೆಗಳು ಖಾಲಿ. 30ರ ದಶಕದಲ್ಲಿ ಕೆಲವೇ ನೂರು ಡಾಲರ್‌ಗೆ ಮಾರಿದ್ರು. ಕಂಪನಿ ಹೋಯ್ತು, ಗಣಿ ಹೋಯ್ತು, 156ರಲ್ಲಿ ಸುಮಾರು 150 ಮನೆ ಇವತ್ತಿಗೂ ನಿಂತಿವೆ, ಜನ ವಾಸ ಮಾಡ್ತಿದಾರೆ.

ಈಗ ನನ್ನ ವಾದಕ್ಕೆ ಬರ್ತೀನಿ. ಇಂಥ ಊರುಗಳಲ್ಲಿ ಗೋಡೆ, ಸೂರಿಗೆ ಕೊರತೆ ಇಲ್ಲ ಸ್ವಾಮಿ, ಕೊರತೆ ಇರೋದು ರಿಪೇರಿ ಸಾಲಕ್ಕೆ. ಅವತ್ತು ಸಿಯರ್ಸ್ ಮನೆ ಜೊತೆ ಸಾಲಾನೂ ಕೊಡ್ತಿತ್ತು ಅಂದ್ನಲ್ಲ, ಇವತ್ತು ಮನೆ ಇದೆ, ಸಾಲ ಸಿಗಲ್ಲ. ಹೊಸದು ಕಟ್ಟಲಿ ಬಿಡಿ ಅಂತೀರಾ? ಒಂದು ಲೆಕ್ಕಕ್ಕೆ ಹಿಡ್ಕೊಳ್ಳಿ, ಹೊಸ ಮನೆ ಕಟ್ಟೋಕೆ ಮೂರು ಲಕ್ಷ ಡಾಲರ್ ಆಗತ್ತೆ, ಅದೇ ಬೀದಿಯಲ್ಲಿ ಮನೆಗಳು ಒಂದೂವರೆ ಲಕ್ಷಕ್ಕೆ ಮಾರಾಟ ಆಗಿವೆ, ಅಪ್ರೈಸಲ್ ಮಾಡೋರು ಅಕ್ಕಪಕ್ಕದ ಮಾರಾಟ ನೋಡೇ ಬೆಲೆ ಕಟ್ಟೋದು, ಬ್ಯಾಂಕು ಆ ಬೆಲೆ ಮೇಲೇ ಸಾಲ ಕೊಡೋದು, ಅಂದ್ಮೇಲೆ ಮಿಕ್ಕಿದ್ದನ್ನ ಯಾರು ಕೈಯಿಂದ ಹಾಕ್ತಾರೆ? ಹಾಗಾಗಿ ಬಿಲ್ಡರ್ ಆ ಕಡೆ ತಲೆ ಹಾಕಲ್ಲ.

ಸರಿ, ಹಳೇದೇ ತಗೊಳ್ಳೋಣ ಅಂದ್ರೆ 1978ಕ್ಕಿಂತ ಮುಂಚಿನ ಮನೆ, ಪೇಂಟಲ್ಲಿ ಸೀಸ ಇರಬಹುದು, ಆ ಪೇಂಟು ಎದ್ದು ಬರ್ತಿದ್ರೆ ಎಫ್‌ಎಚ್‌ಎ ಸಾಲಕ್ಕೆ, ಅಂದ್ರೆ ಕೇಂದ್ರ ಸರ್ಕಾರದ ವಿಮೆ ಇರೋ ಗೃಹಸಾಲಕ್ಕೆ, ಮೊದಲು ಸರಿಮಾಡಿ ಅಂತಾರೆ. ಸರಿಮಾಡೋಕೆ ದುಡ್ಡೆಲ್ಲಿದೆ? ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ರಿಪೇರಿ ಸೇರಿಸಿ ಕೊಡೋ 203ಕೆ ಅನ್ನೋ ಸಾಲ ಇದೆ, ಆದ್ರೆ ಪೇಪರ್ ಕೆಲಸ ಜಾಸ್ತಿ, ಜೊತೆಗೆ ಎಂಬತ್ತು ಸಾವಿರದ ಸಾಲಕ್ಕೂ ನಾಲ್ಕು ಲಕ್ಷದ ಸಾಲಕ್ಕೂ ಬ್ಯಾಂಕಿಗೆ ಹೆಚ್ಚುಕಮ್ಮಿ ಅಷ್ಟೇ ಓಡಾಟ, ಚಿಕ್ಕ ಸಾಲ ಅಂದ್ರೆ ಮೂಗು ಮುರೀತಾರೆ. ಕೊನೆಗೆ ಮನೆ ಯಾರ ಪಾಲಾಗತ್ತೆ, ಕ್ಯಾಶ್ ಹಿಡ್ಕೊಂಡು ದೂರದಿಂದ ಬರೋರ ಪಾಲು. ಅಂದ್ರೆ ನಮ್ಮ ಸ್ಕ್ರೀನ್‌ಶಾಟ್‌ನವರ ಪಾಲು.

ಸರ್ಕಾರದ ಕೃಷಿ ಇಲಾಖೆ, ಯುಎಸ್‌ಡಿಎ, ಹಳ್ಳಿ ಕಡೆ ಸ್ವಂತ ಮನೆಯಲ್ಲಿರೋ ಕಡಿಮೆ ಆದಾಯದವರಿಗೆ ಶೇ. 1ರ ಬಡ್ಡಿಗೆ 40,000 ಡಾಲರ್ ತನಕ ರಿಪೇರಿ ಸಾಲ ಕೊಡತ್ತೆ, 20 ವರ್ಷದ ಕಂತು, 62 ವರ್ಷ ತುಂಬಿ ಸಾಲ ತೀರಿಸೋ ಶಕ್ತಿ ಇಲ್ಲದವರಿಗೆ ಗ್ರಾಂಟ್ ಕೂಡ ಇದೆ. ಒಳ್ಳೇ ಸ್ಕೀಮು. ಆದ್ರೆ ಹೊಸದಾಗಿ ಮನೆ ತಗೊಳ್ಳೋಕೆ ಹೊರಟ ಟೀಚರ್‌ಗೆ ಅದರಿಂದ ಉಪಯೋಗ ಇಲ್ಲ. ಅವರಿಗೂ ಇಷ್ಟೇ ಸಲೀಸಾಗಿ ರಿಪೇರಿ ಸಾಲ ಸಿಗೋ ಹಾಗೆ ಆಗ್ಬೇಕು, ಮತ್ತೆ ಮತ್ತೆ ಅದನ್ನೇ ಹೇಳ್ತಿದೀನಿ, ಹೇಳ್ತಾನೇ ಇರ್ತೀನಿ.

ಊಟಕ್ಕೆ ಟೈಮ್ ಆಯ್ತು ಅಂತ ಕೈ ಮಾಡ್ತಿದಾರೆ, ಬಡ್ಡಿ ದರದ ವಿಷಯ ಇವತ್ತು ಬೇಡ. ತಗೊಳ್ಳಲೇಬೇಕು ಅನ್ನೋರಿಗೆ ಎರಡೇ ಮಾತು. ಹೋಗಿ ನೋಡದೆ ಆಫರ್ ಹಾಕ್ಬೇಡಿ, ಫೌಂಡೇಷನ್ ಮೇಲೆ ಕೂರೋ ಮೊದಲ ಮರಕ್ಕೆ ಸ್ಕ್ರೂಡ್ರೈವರ್ ಒತ್ತಿಸಿ ನೋಡಿ, ಒಳಗೆ ಇಳಿದ್ರೆ ಮರ ಕೊಳೆತಿದೆ ಅಂತ ಅರ್ಥ. ಆಮೇಲೆ ಪ್ರಾಪರ್ಟಿ ಟ್ಯಾಕ್ಸು. ಈಗಿನ ಮಾಲೀಕರು ಅಲ್ಲೇ ವಾಸ ಇದ್ರೆ ಅವರಿಗೆ ಹೋಮ್‌ಸ್ಟೆಡ್ ಅನ್ನೋ ತೆರಿಗೆ ರಿಯಾಯಿತಿ ಸಿಕ್ಕಿರತ್ತೆ, ನೀವು ಬಾಡಿಗೆಗೆ ಬಿಟ್ರೆ ಅದು ಹೋಗತ್ತೆ, ಬಿಲ್ ಏರತ್ತೆ, ಹಾಗಾಗಿ ವೆಬ್‌ಸೈಟಲ್ಲಿ ಕಾಣಿಸೋ ಟ್ಯಾಕ್ಸ್ ನಂಬಬೇಡಿ, ಕೌಂಟಿ ಆಫೀಸಿಗೇ ಫೋನ್ ಮಾಡಿ ಕೇಳಿ.