ದಪ್ಪ ಗೆರಿ, ಕೂದಲೆಳಿ ಗೆರಿ: ಬೊಡೋನಿ ಫಾಂಟ್ ಎಲ್ಲಿ ಹಾಕಬೇಕು?

[ದೃಶ್ಯ: ಕಲಬುರಗಿಯ ಒಂದು ಲಗ್ನಪತ್ರಿಕೆ ಅಂಗಡಿ. ಕೆಂಪು ಕಾರ್ಡ್, ಚಿನ್ನದ ಅಕ್ಷರ. ಕ್ಯಾಮೆರಾ ತೀರ ಹತ್ತಿರ.]

ಈ ಕಾರ್ಡ್ ಜರಾ ನೋಡ್ರಿ. ಮದುಮಗಳ ಹೆಸರು ನಂದಿನಿ, ಇಂಗ್ಲಿಷ್‌ನಾಗ ಅದ. ಮೊದಲಿನ ದೊಡ್ಡ ಎನ್ (N) ಅಕ್ಷರದ ಎರಡೂ ನಿಂತ ಗೆರಿ ಮಾಯ! ನಡುವಿನ ಓರೆ ಗೆರಿ ಒಂದೇ ಉಳದದ. ಮಷಿನ್ ಕೆಟ್ಟಿಲ್ಲ. ಫಾಂಟ್ ಬೊಡೋನಿ, ಸೈಜ್ ಸಣ್ಣದು, ಕಾಗದ ಖರಖರ. ಇಷ್ಟ ಸಾಕು.

[ಗ್ರಾಫಿಕ್: ಪರದೆ ತುಂಬ ಎನ್]

ದೊಡ್ಡದು ಮಾಡಿದ್ರ ಗೊತ್ತಾಗ್ತದ. ಓರೆ ಗೆರಿ ಭಾಳ ದಪ್ಪ, ಆಚಿ ಈಚಿ ಗೆರಿ ಕೂದಲೆಳಿ. ನಡುವ ರಾಜಿನೇ ಇಲ್ಲ. ತುದಿಗಿರೋ ಅಡ್ಡ ಪಟ್ಟಿಗೆ ಸೆರಿಫ್ ಅಂತಾರ. ಹಳೆ ಫಾಂಟಿನಾಗ ಅದು ಬಾಗಿ ಬಂದು ಕೂಡ್ತದ, ಇಲ್ಲಿ ಸಪಾಟ.

ಈ ಅಕ್ಷರ ಮಾಡಿದ ಜಾಂಬಟಿಸ್ಟಾ ಬೊಡೋನಿ ಇಟಲಿಯವ, ಹುಟ್ಟಿದ್ದು 1740. 1768ರಿಂದ ಪಾರ್ಮಾ ಊರಾಗ ಅಲ್ಲಿನ ದೊರಿ ಡ್ಯೂಕನ ಮುದ್ರಣಾಲಯ ನೋಡ್ಕೊಂಡ. ಅದಕ್ಕೂ ಮೊದಲ ಇಂಗ್ಲೆಂಡಿನ ಮುದ್ರಕ ಬಾಸ್ಕರ್‌ವಿಲ್ ನುಣುಪು ಕಾಗದ, ಕರ್ರನ ಇಂಕು ಬಳಸಿ ತೋರಿಸಿದ್ದ. ಅಂಥ ಕಾಗದ ಇದ್ರನೇ ಇಂಥ ಗೆರಿ ಮೂಡ್ತಾವ. ಪ್ಯಾರಿಸ್‌ನಾಗ ಫರ್ಮಿನ್ ದಿದೊ ಸುಮಾರು 1784ಕ್ಕ ಇದೇ ನಮೂನಿ ಅಕ್ಷರ ಕೊರದ. ಬೊಡೋನಿ 1813ಕ್ಕ ತೀರಿಕೊಂಡ. ಅವನ ಅಕ್ಷರದ ಮಾದರಿ ಪುಸ್ತಕ 1818ಕ್ಕ ಹೊರಗ ತಂದಾಕಿ ಅವನ ಹೆಂಡ್ತಿ.

ಈಗ ಅಸಲಿ ಮಾತು. ಆ ಕಾಲಕ್ಕ ಒಂದೊಂದು ಸೈಜಿಗೂ ಅಚ್ಚು ಬ್ಯಾರೆ ಕೊರೀಬೇಕಿತ್ತು. ಸಣ್ಣ ಸೈಜ್ ಇದ್ರ ತೆಳು ಗೆರಿ ಸ್ವಲ್ಪ ದಪ್ಪನೇ ಇಡ್ತಿದ್ರು. ನಾವು? ಒಂದೇ ಅಕ್ಷರ ಮೌಸ್‌ನಿಂದ ಎಳದು ಸಣ್ಣದು ಮಾಡ್ತೀವಿ. 60 ಪಾಯಿಂಟಿನಾಗ (ಪಾಯಿಂಟ್ ಅಂದ್ರ ಅಕ್ಷರದ ಸೈಜಿನ ಅಳತಿ) ಛಂದ ಇದ್ದ ಗೆರಿ 9 ಪಾಯಿಂಟಿಗೆ ಬಂದಾಗ ಕಾಗದದ ಮ್ಯಾಲ ಉಳಿಯಂಗಿಲ್ಲ. ಇದಕ್ಕಂತನೇ ಐಟಿಸಿ ಅನ್ನೋ ಫಾಂಟ್ ಕಂಪನಿಯವರು 1994ರ ಐಟಿಸಿ ಬೊಡೋನಿಯಾಗ 6, 12, 72 ಪಾಯಿಂಟಿಗೆ ಮೂರು ರೂಪ ಕೊಟ್ರು. ಗೂಗಲ್ ಫಾಂಟ್ಸ್‌ನಾಗ ಬೊಡೋನಿ ಮೋಡಾ ಪುಕ್ಕಟ ಸಿಗ್ತದ, ಅದರಾಗ ಆಪ್ಟಿಕಲ್ ಸೈಜ್, ಅಂದ್ರ ಸೈಜಿಗೆ ತಕ್ಕಂಗ ಗೆರಿಯ ದಪ್ಪ, ಬದಲಿಸಬಹುದು. ಕಾರ್ಡ್ ಡಿಸೈನ್ ಮಾಡೋ ಸಾಫ್ಟ್‌ವೇರ್ ಕೋರಲ್‌ಡ್ರಾದ ಹಳೆ ಆವೃತ್ತಿಯಾಗ ಮಾತ್ರ ಆ ಆಟ ನಡಿಯಂಗಿಲ್ಲ, ನಮ್ಮ ಅಂಗಡಿಗಳಾಗ ಇರೋದೇ ಅದು!

[ದೃಶ್ಯ: ವೋಗ್ ಪತ್ರಿಕೆಯ ತಲೆಬರಹದ ಶೈಲಿಯ ದೊಡ್ಡ ಅಕ್ಷರಗಳು]

ವೋಗ್ ಅನ್ನೋ ಫ್ಯಾಷನ್ ಪತ್ರಿಕೆ ಹೆಸರು ನೋಡೀರಿ? ಅದು ದಿದೊ ಮನಿತನದ ಅಕ್ಷರ. ದೊಡ್ಡ ಸೈಜು, ಸುತ್ತ ಖಾಲಿ ಜಾಗ, ನುಣುಪು ಕಾಗದ. ಬೊಡೋನಿಗೂ ಇಂಥ ಜಾಗಾನೇ ಬೇಕು. ಕಾರ್ಡಿನಾಗ ಜೋಡಿ ಹೆಸರಿಗೆ ಹಾಕ್ರಿ, ಮುಹೂರ್ತ, ವಿಳಾಸ, ಫೋನ್ ನಂಬರಿಗೆ ಬ್ಯಾಡ. ಕಪ್ಪು ಹಿನ್ನೆಲಿ ಮ್ಯಾಲ ಬಿಳಿ ಅಕ್ಷರ ಬಿಟ್ರ ಇಂಕು ಹರಡಿ ಗೆರಿ ಮುಚ್ಚಿಹೋಗ್ತದ. ಬಂಗಾರದಂಗಡಿ ಬೋರ್ಡಿಗೂ ಭಾಳ ಮಂದಿ ಕೇಳ್ತಾರ. ಅಲ್ಲೂ ತೆಳು ಗೆರಿ ಮುದ್ದಾಮ್ ದಪ್ಪ ಮಾಡ್ಸ್ರಿ, ರಸ್ತೆ ಆಚಿಂದ ಓದಬೇಕಲ್ಲ.

[ಗ್ರಾಫಿಕ್: ಇಂಗ್ಲಿಷ್ ಹೆಸರಿನ ಕೆಳಗೆ ಕನ್ನಡ ಹೆಸರು, ಎರಡು ಬಗೆ]

ಕೆಳಗ ಕನ್ನಡ ಹೆಸರು ಬರ್ತದ. ಅದಕ್ಕ ಎಲ್ಲಾ ಗೆರಿ ಒಂದೇ ದಪ್ಪ ಇರೋ ಫಾಂಟ್ ಹಾಕಿದ್ರ ಎರಡು ಕಾರ್ಡ್ ಕತ್ತರಿಸಿ ಅಂಟಿಸಿದಂಗ ಕಾಣ್ತದ. ನಾ ಆದ್ರ ನೋಟೋ ಸೆರಿಫ್ ಕನ್ನಡ ಹಾಕ್ತೀನಿ, ದಪ್ಪ ತೆಳು ಏರಿಳಿತ ಅದರಾಗ ಅದ. ಬೊಡೋನಿಯಷ್ಟಿಲ್ಲ, ಅಷ್ಟು ಬೇಕಾಗೂ ಇಲ್ಲ. ಲಕ್ಷ್ಮೀ ಅಂತ ಬರದು ಕೂದಲೆಳಿ ಗೆರಿ ಕೊಟ್ರ ಮೊದಲ ಹೋಗೋದೇ ಕೆಳಗಿನ ಒತ್ತು.