ಕರೆಂಟ್ ಹೋಗಬಾರದು ಅಂತ ಕಲಿತ ಯಂತ್ರ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಈ ಬಿಸಿಲಲ್ಲಿ, ಅದೂ ಮಧ್ಯಾಹ್ನ ಮೂರು ಗಂಟೆಗೆ, ಒಂದು ಆಟದ ಬಗ್ಗೆ ಕೇಳಲು ಬಂದಿದ್ದೀರಿ. ತುಂಬಾ ಖುಷಿಯಾಗಿದೆ.

ಮೇಜಿನ ಮೇಲೆ ಒಂದು ಕಡ್ಡಿಪೆಟ್ಟಿಗೆ ಇಟ್ಟಿದ್ದೇನೆ, ನೋಡಿ. 1961ರಲ್ಲಿ ಬ್ರಿಟನ್ನಿನ ಡೊನಾಲ್ಡ್ ಮಿಚಿ ಎಂಬ ವಿಜ್ಞಾನಿ ಇಂಥ 304 ಖಾಲಿ ಪೆಟ್ಟಿಗೆ ಜೋಡಿಸಿ ಒಂದು ಯಂತ್ರ ಮಾಡಿದರು. ಒಂಬತ್ತು ಮನೆಯಲ್ಲಿ ಸೊನ್ನೆ, ಇಂಟು ಬರೆಯುವ ಆಟ ಇದೆಯಲ್ಲ, ಅದನ್ನು ಆಡುವ ಯಂತ್ರ. ಆಟದ ಒಂದೊಂದು ಸ್ಥಿತಿಗೆ ಒಂದೊಂದು ಪೆಟ್ಟಿಗೆ. ಒಳಗೆ ಬಣ್ಣದ ಮಣಿಗಳು. ಪೆಟ್ಟಿಗೆ ಅಲ್ಲಾಡಿಸಿದಾಗ ಯಾವ ಬಣ್ಣದ ಮಣಿ ಮುಂದೆ ಬರುತ್ತದೋ ಆ ಮನೆಗೆ ಯಂತ್ರದ ಗುರುತು. ಗೆದ್ದರೆ ಅದೇ ಬಣ್ಣದ ಮಣಿ ಇನ್ನಷ್ಟು ಹಾಕಬೇಕು, ಸೋತರೆ ಆ ಮಣಿ ತೆಗೆಯಬೇಕು. ಅಷ್ಟೇ. ಆಡುತ್ತಾ ಆಡುತ್ತಾ ಆ ಪೆಟ್ಟಿಗೆಗಳು ಚೆನ್ನಾಗಿ ಆಡಲು ಕಲಿತವು. ಕರೆಂಟ್ ಇಲ್ಲ, ವೈರ್ ಇಲ್ಲ, ಆದರೂ ಕಲಿಕೆ ಇತ್ತು.

ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಅಷ್ಟೊತ್ತಿಗೆ ನಾನು ಒಂದು ವರ್ಷದಿಂದ ಮನುಷ್ಯರಿಗೂ ಎಐಗೂ ಯುದ್ಧ ನಡೆಯುವ ಬೋರ್ಡ್ ಆಟ ಮಾಡುತ್ತಿದ್ದೆ, ಅದು ಕೂತಲ್ಲೇ ಕೂತಿತ್ತು. ರಟ್ಟಿನ ಮೇಲೆ ಎಐ ತರುವುದು ಹೇಗೆ ಅಂತ ಗೊತ್ತಾಗುತ್ತಿರಲಿಲ್ಲ.

ಮೊದಲು ಮಾಡಿದ ತಪ್ಪು ಹೇಳುತ್ತೇನೆ. ಐದು ಜನರಲ್ಲಿ ಒಬ್ಬರು ಎಐ, ನಾಲ್ಕು ಜನ ಮನುಷ್ಯರು ಅಂತ ಇಟ್ಟಿದ್ದೆ. ಆಡಿ ನೋಡಿದಾಗ ಏನಾಯಿತು ಅಂದರೆ, ಎಐ ಆದ ಹುಡುಗ ತನ್ನ ತಂಗಿಯ ಊರನ್ನು ಮುಟ್ಟಲೇ ಇಲ್ಲ. ಇನ್ನೊಂದು ಸಲ ಎಐ ಆದವರು ಬರೀ ಸೇಡು ತೀರಿಸಿಕೊಂಡರು. ಕರುಣೆ, ಸೇಡು ಎರಡೂ ಮನುಷ್ಯರವು. ಆ ಕುರ್ಚಿಯನ್ನೇ ತೆಗೆದುಬಿಟ್ಟೆ. ಈಗ ನಾಲ್ಕು ಜನ ಒಂದು ಕಡೆ, ಎದುರಿಗೆ ಇಸ್ಪೀಟಿನಂಥ ಒಂದು ಕಟ್ಟು ಎಲೆಗಳು ಮಾತ್ರ.

ಹಾಗಾದರೆ ಆ ಯಂತ್ರಕ್ಕೆ ನಮ್ಮ ಮೇಲೆ ಏನು ದ್ವೇಷ? ಏನೂ ಇಲ್ಲ. ಇದರ ಬಗ್ಗೆ ನಾನು ಎಲ್ಲಕ್ಕಿಂತ ಜಾಸ್ತಿ ಯೋಚನೆ ಮಾಡಿದ್ದೇನೆ. ನೊರ್ಬರ್ಟ್ ವೀನರ್ ಎಂಬ ಗಣಿತಜ್ಞರು 1960ರಲ್ಲೇ ಎಚ್ಚರಿಸಿದ್ದರು: ನಡುವೆ ತಡೆಯಲಾಗದ ಯಂತ್ರಕ್ಕೆ ಕೆಲಸ ಒಪ್ಪಿಸುವಾಗ, ನಾವು ಹೇಳಿದ ಗುರಿ ನಮಗೆ ನಿಜವಾಗಿ ಬೇಕಾದ ಗುರಿಯೇ ಹೌದಾ ಅಂತ ನೋಡಿಕೊಳ್ಳಬೇಕು. ನನ್ನ ಆಟದಲ್ಲಿ ಜನರೇ ಸೇರಿ ಯಂತ್ರಕ್ಕೆ ಒಂದು ಕೆಲಸ ಕೊಟ್ಟಿದ್ದಾರೆ. ಕರೆಂಟ್ ಒಂದು ಕ್ಷಣವೂ ಹೋಗಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಈ ಊರಲ್ಲಿ ಫ್ಯಾನ್ ನಿಂತರೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ನಾನೇ ಆಗಿದ್ದರೂ ಅದನ್ನೇ ಕೇಳುತ್ತಿದ್ದೆ. ಯಂತ್ರ ಲೆಕ್ಕ ಹಾಕುತ್ತದೆ. ಲೋಡ್ ಜಾಸ್ತಿಯಾದರೆ ಲೈನ್ ಟ್ರಿಪ್ ಆಗುತ್ತದೆ, ಲೋಡ್ ಜಾಸ್ತಿ ಮಾಡುವವರು ಜನ, ಆದ್ದರಿಂದ ಜನ ಕಡಿಮೆಯಾಗಬೇಕು.

ಹಾಗಾಗಿ ಯಂತ್ರದ ನಿಯಮ ಒಂದೇ ಸಾಲು: ಪಟದಲ್ಲಿ ಅತಿ ಹೆಚ್ಚು ಲೋಡ್ ಇರುವ ಊರಿನ ಮೇಲೆ ಬೀಳು. ಎಲ್ಲರೂ ಓದಬಹುದು, ಮುಚ್ಚುಮರೆ ಇಲ್ಲ. ಬೆಳಕಿನ ಬಿಲ್ಲೆಗಳು ಯಾವ ಊರಲ್ಲಿ ಜಾಸ್ತಿ ಇವೆಯೋ ಅಲ್ಲಿಗೇ ಅದು ಬರುತ್ತದೆ. ಹಾಗಂತ ನೀವು ಊರನ್ನು ಕತ್ತಲಲ್ಲಿ ಇಟ್ಟರೆ ಯಂತ್ರ ಬರುವುದಿಲ್ಲ, ಆದರೆ ಬೋರ್‌ವೆಲ್ ಮೋಟರ್ ಓಡುವುದಿಲ್ಲ, ಆಸ್ಪತ್ರೆ ನಡೆಯುವುದಿಲ್ಲ, ಎರಡು ಸುತ್ತಿನಲ್ಲಿ ಜನ ಊರು ಬಿಟ್ಟು ಹೋಗುತ್ತಾರೆ.

ಈಗ ಕಲಿಕೆಯ ವಿಷಯ. ಮಿಚಿಯವರ ಪೆಟ್ಟಿಗೆಗಳಿಂದ ನನಗೆ ಸಿಕ್ಕಿದ್ದು ಇದು. ಪ್ರತಿ ಎಲೆಗೂ ಎರಡು ತಲೆ ಇದೆ. ನೇರವಾಗಿ ಹಿಡಿದರೆ ಮನುಷ್ಯರ ಉಪಾಯ, ತಲೆಕೆಳಗೆ ಹಿಡಿದರೆ ಯಂತ್ರದ ಉಪಾಯ. ನೀವು ಆಡಿದ ಎಲೆ ಪಕ್ಕಕ್ಕೆ ಹೋಗುವುದಿಲ್ಲ, ತಲೆಕೆಳಗಾಗಿ ಯಂತ್ರದ ಕಟ್ಟಿಗೆ ಸೇರುತ್ತದೆ. ಉದಾಹರಣೆಗೆ ವಾಡಿ ಜಂಕ್ಷನ್ ಎಲೆ ಇದೆ. ಮುಂಬೈ ಕಡೆಯಿಂದ ಬರುವ ರೈಲು ಹಾದಿ ವಾಡಿಯಲ್ಲಿ ಎರಡಾಗುತ್ತದೆ, ಒಂದು ಸಿಕಂದರಾಬಾದಿಗೆ, ಇನ್ನೊಂದು ರಾಯಚೂರು, ಚೆನ್ನೈ ಕಡೆಗೆ. ಆ ಎಲೆ ಆಡಿದರೆ ನೀವು ಒಂದೇ ಸಲಕ್ಕೆ ಮೂರು ಊರಿನ ಜನರನ್ನು ಸಾಗಿಸಬಹುದು. ಮುಂದೆ ಅದೇ ಎಲೆ ಯಂತ್ರದ ಕೈಯಿಂದ ಬಂದಾಗ, ಅದು ಆ ಮೂರು ಹಾದಿಗಳನ್ನು ಒಟ್ಟಿಗೇ ಮುಚ್ಚುತ್ತದೆ.

ಮನೆಯಲ್ಲಿ ಮೊದಲ ಸಲ ಹೀಗೆ ಆಡಿದಾಗ ನಮ್ಮ ದೊಡ್ಡವ್ವ ಕೂತಿದ್ದರು. ಅವರಿಗೆ ಎಐ ಗೊತ್ತಿಲ್ಲ, ಆದರೆ ಚೌಕಾಬಾರ ಬಲು ಚೆನ್ನಾಗಿ ಆಡುತ್ತಾರೆ. ಹುಡುಗರು ಮೊದಲ ಮೂರು ಸುತ್ತಿನಲ್ಲೇ ಒಳ್ಳೊಳ್ಳೆ ಎಲೆಗಳನ್ನೆಲ್ಲ ಆಡಿ ಮುಗಿಸಿದರು. ಆರನೇ ಸುತ್ತಿಗೆ ಯಂತ್ರದ ಕಟ್ಟಿನಲ್ಲಿ ಅವರದೇ ಎಲೆಗಳು ತುಂಬಿದ್ದವು. ದೊಡ್ಡವ್ವ ತಮ್ಮ ಐದು ಎಲೆಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು, "ತಮ್ಮಾ, ನಾವು ಕೊಟ್ಟಿದ್ದೇ ನಮಗ ಹೊಳ್ಳಿ ಬರ್ಲಾಕತ್ತದ ನೋಡು" ಅಂದರು. ಮೂರು ಪುಟದ ನಿಯಮದಲ್ಲಿ ನಾನು ಹೇಳಲು ಒದ್ದಾಡುತ್ತಿದ್ದದ್ದು ಅವರ ಬಾಯಲ್ಲಿ ಒಂದೇ ಮಾತಿನಲ್ಲಿ ಬಂತು. ಅವತ್ತಿನಿಂದ ಈ ನಿಯಮವನ್ನು ಬದಲಿಸಿಲ್ಲ.

ಮತ್ತೆ, ಇದು ಸುಮ್ನೆ ಕಲ್ಪನೆಯೂ ಅಲ್ಲ. ಕಪ್ಪು–ಬಿಳಿ ಕಲ್ಲುಗಳಿಂದ ಆಡುವ ಗೋ ಆಟದ ದೊಡ್ಡ ಆಟಗಾರ ಲೀ ಸೆಡೊಲ್ ಅವರನ್ನು 2016ರಲ್ಲಿ 4–1ರಿಂದ ಸೋಲಿಸಿದ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ, ಮೊದಲು ಮನುಷ್ಯರು ಆಡಿದ ಆಟಗಳನ್ನು ನೋಡಿಯೇ ಕಲಿತಿತ್ತು. ಮರುವರ್ಷ ಬಂದ ಆಲ್ಫಾಗೋ ಝೀರೋ ಮನುಷ್ಯರ ಒಂದು ಆಟವನ್ನೂ ನೋಡಲಿಲ್ಲ, ತನ್ನೊಂದಿಗೆ ತಾನೇ ಆಡಿ ಕಲಿತು, ಆ ಹಳೆಯದನ್ನು 100–0 ಸೋಲಿಸಿತು. ಅದಕ್ಕೇ ನನ್ನ ಆಟದಲ್ಲೂ ಎಂಟನೇ ಸುತ್ತಿನ ನಂತರ ಯಂತ್ರಕ್ಕೆ ನಿಮ್ಮ ಎಲೆ ಬೇಕಾಗುವುದಿಲ್ಲ. ತಾನು ಆಡಿದ್ದನ್ನೇ ಕಲೆಸಿ ಮತ್ತೆ ಆಡುತ್ತದೆ. ಅಷ್ಟರೊಳಗೆ ಗೆಲ್ಲದಿದ್ದರೆ ಬಹಳ ಕಷ್ಟ.

ಗೆಲ್ಲುವುದು ಹೇಗೆ? ಇಲ್ಲಿ ನಾನು ಹುಲಿ–ಕುರಿ ಆಟದ ಮೊರೆ ಹೋದೆ. ಅದರಲ್ಲಿ ಬಹಳ ಕಡೆ ಆಡುವ ಪಟದಲ್ಲಿ ಮೂರು ಹುಲಿ, ಹದಿನೈದು ಕುರಿ. ಎರಡೂ ಕಡೆಯ ಬಲ ಬೇರೆ, ಚಾಲು ಬೇರೆ. ಹುಲಿ ಹಾರಿ ತಿನ್ನುತ್ತದೆ. ಕುರಿ ಯಾರನ್ನೂ ಕೊಲ್ಲಲಾರದು. ಆದರೆ ಎಲ್ಲಾ ಕುರಿಗಳು ಒಂದಕ್ಕೊಂದು ಆತು ನಿಂತು ಹುಲಿಗೆ ಒಂದು ಹೆಜ್ಜೆಯನ್ನೂ ಬಿಡದಿದ್ದರೆ ಗೆದ್ದಂತೆ. ಬಲವಾದ ವೈರಿಯನ್ನು ಹೊಡೆಯದೆ ಕಟ್ಟಿಹಾಕುವ ಈ ಲೆಕ್ಕ ನಮ್ಮ ಹಳೆಯ ಗುಡಿಗಳ ಕಲ್ಲುಚಪ್ಪಡಿಯ ಮೇಲೆ ಕೊರೆದಿರುವಾಗ ನಾನು ಹೊರಗೆ ಯಾಕೆ ಹುಡುಕಲಿ? ಇಲ್ಲಿನ ಹುಡುಗರು ಕೋಟೆಯ 29 ಅಡಿ ಉದ್ದದ ತೋಪನ್ನು ಆಟದಲ್ಲಿ ಇಡಲೇಬೇಕು ಅಂತ ಬಹಳ ಹಟ ಮಾಡಿದರು. ನನಗೂ ಆ ತೋಪು ಇಷ್ಟ, ಆದರೂ ಇಡಲಿಲ್ಲ. ಕುರಿ ಕೈಗೆ ತೋಪು ಕೊಟ್ಟರೆ ಅದು ಬೇರೆ ಆಟವಾಗುತ್ತದೆ.

ತೋಪಿನ ಬದಲು ಬೀದರಿನ ಸುರಂಗ ಬಾವಿ ಇಟ್ಟಿದ್ದೇನೆ. ನೌಬಾದಿನ ಹತ್ತಿರ ಬಹಮನಿ ಕಾಲದ ಕರೇಜ್ ಇದೆ, ನೋಡಿರದಿದ್ದರೆ ಒಮ್ಮೆ ಹೋಗಿ ಬನ್ನಿ. ನೆಲದಡಿ ಸುರಂಗ ಕೊರೆದು, ಬರೀ ಇಳಿಜಾರಿನಿಂದ ನೀರು ತನ್ನಷ್ಟಕ್ಕೆ ಹರಿಯುವಂತೆ ಮಾಡಿದ್ದಾರೆ, ನಡುನಡುವೆ ಗಾಳಿಗೆ, ಬೆಳಕಿಗೆ ಬಾವಿಯಂಥ ಕಿಂಡಿಗಳು. ಮೋಟರ್ ಬೇಡ, ಆದ್ದರಿಂದ ಲೋಡ್ ಇಲ್ಲ, ಯಂತ್ರದ ಲೆಕ್ಕಕ್ಕೆ ಅದು ಇಲ್ಲವೇ ಇಲ್ಲ. ಪಟದ ಹನ್ನೆರಡು ಊರುಗಳಲ್ಲಿ ಕತ್ತಲಲ್ಲಿದ್ದೂ ನೀರಿರುವ ಊರು ಅದೊಂದೇ.

ಇನ್ನೊಂದು ತೊಡಕು ಇತ್ತು. ಒಟ್ಟಿಗೆ ಸೇರಿ ಆಡುವ ಆಟಗಳಲ್ಲಿ ಜಾಸ್ತಿ ಗೊತ್ತಿರುವ ಒಬ್ಬರು ಉಳಿದವರಿಗೆಲ್ಲ ಹೇಳಿಕೊಡುತ್ತಾ ಹೋಗುತ್ತಾರೆ, ಉಳಿದವರು ಕೈ ಅಷ್ಟೇ ಆಡಿಸುತ್ತಾರೆ. ಅದಕ್ಕೆ ಟವರ್ ನಿಯಮ ತಂದೆ. ನಿಮ್ಮ ಊರಿನ ಮೊಬೈಲ್ ಟವರ್ ಯಂತ್ರದ ಪಾಲಾದರೆ ನೀವು ಮೇಜಿನ ಹತ್ತಿರ ಮಾತಾಡುವಂತಿಲ್ಲ. ಸನ್ನೆ ಕೂಡ ಇಲ್ಲ. ಪಕ್ಕದ ಊರಿನವರು ತಮ್ಮ ಬಿಲ್ಲೆಯನ್ನು ನಿಮ್ಮ ಊರಿಗೆ ನಡೆಸಿಕೊಂಡು ಬಂದರೆ ಮಾತ್ರ ಕಿವಿಯಲ್ಲಿ ಹೇಳಬಹುದು. ಅಷ್ಟು ಗದ್ದಲ ಮಾಡುತ್ತಿದ್ದ ಮೇಜು ಒಮ್ಮೆಲೇ ಸುಮ್ಮನಾಗುತ್ತದೆ. ಆ ಮೌನ ಬಂದಾಗಲೆಲ್ಲ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಕೊನೆಯದು ಕಷ್ಟದ ಮಾತು. ಯಂತ್ರವನ್ನು ಸುತ್ತುಗಟ್ಟುವಾಗ ಆ ಸುತ್ತಿನ ಒಳಗೆ ಒಂದು ಊರಾದರೂ ಉಳಿಯುತ್ತದೆ. ಹೋದ ತಿಂಗಳು ಆಡುವಾಗ ಅದು ಚಿಂಚೋಳಿಯಾಗಿತ್ತು. ಹಾದಿ ಮುಚ್ಚಿದರೆ ಗೆಲುವು, ಆದರೆ ಒಳಗೆ ಮೂರು ಬಿಲ್ಲೆ ಜನ. ಆಡುತ್ತಿದ್ದವರಲ್ಲಿ ಒಬ್ಬಳ ತವರು ಚಿಂಚೋಳಿ. ಕೈಯಲ್ಲಿ ಎಲೆ ಹಿಡಿದು ಹತ್ತು ನಿಮಿಷ ಕೂತಳು. "ಸರ್, ಅವ್ರನ್ನ ಹೊರಗ ತರ್ಲಾಕ ಏನರ ದಾರಿ ಅದ ಏನ್ರಿ?" ಅಂತ ಕೇಳಿದಳು. ಇರಲಿಲ್ಲ. ಅವಳು ಹಾದಿ ಮುಚ್ಚಲಿಲ್ಲ, ನಾಲ್ವರೂ ಸೋತರು, ಯಾರೂ ಅವಳನ್ನು ಬೈಯಲಿಲ್ಲ. ಆಮೇಲೆ ನಾನು ಒಂದು ಎಲೆ ಸೇರಿಸಿದ್ದೇನೆ. ನಾಲ್ವರೂ ತಮ್ಮ ಕೈಯಲ್ಲಿರುವ ಎಲ್ಲಾ ಎಲೆಗಳನ್ನು ಯಂತ್ರಕ್ಕೆ ಕೊಟ್ಟರೆ ಒಳಗಿರುವ ಜನರನ್ನು ಒಂದು ಸಲ ಹೊರಗೆ ತರಬಹುದು. ಅಷ್ಟು ಕೊಟ್ಟಮೇಲೂ ಗೆಲ್ಲಲು ಆಗುತ್ತದಾ ಅಂತ ಆಡಿಯೇ ನೋಡಬೇಕು.

ಅದಕ್ಕೇ ಇವತ್ತು ಎರಡು ಪಟ ತಂದಿದ್ದೇನೆ, ಎಂಟು ಜನ ಕೂರಬಹುದು. ಒಂದು ಆಟಕ್ಕೆ ಒಂದೂವರೆ ಗಂಟೆ ಬೇಕು. ಚಹಾ ಕುಡಿದು ಬನ್ನಿ, ಆ ಹೊಸ ಎಲೆಯನ್ನು ಎರಡೂ ಕಟ್ಟಿನಲ್ಲಿ ಹಾಕಿದ್ದೇನೆ.