ಅಂಕ ಕಾಯುವವರ ಆಟ

ಕೇಳುಗರಿಗೆ ನಮಸ್ಕಾರ.

ಚೆಸ್ ಟೂರ್ನಿಯಲ್ಲಿ ಹೊಸಬರ ಪರಿಚಯವಾದಾಗ ಹೆಸರು ಕೇಳಿದ ಬೆನ್ನಿಗೇ ಬರುವ ಪ್ರಶ್ನೆ, ‘ನಿಮ್ಮ ರೇಟಿಂಗ್ ಎಷ್ಟು?’ ಆಟಗಾರನ ಬಲವನ್ನು ಅಂಕದಲ್ಲಿ ಹೇಳುವ ಈ ಸಂಖ್ಯೆಗೆ ಹವ್ಯಾಸಕ್ಕಾಗಿ ಆಡುವವರು ಎಷ್ಟು ಬೆಲೆ ಕೊಡಬೇಕು ಎಂಬುದರ ಬಗ್ಗೆ ಇವತ್ತು ಒಂದಷ್ಟು ಮಾತು.

ರೇಟಿಂಗೇ ಬೇಡ ಎನ್ನುವವನು ನಾನಲ್ಲ. ಅದು ಇರುವುದರಿಂದಲೇ ಈಗಷ್ಟೇ ಕಲಿತವರಿಗೂ ಸರಿಜೋಡಿ ಸಿಗುತ್ತದೆ. ಈ ಲೆಕ್ಕವನ್ನು ರೂಪಿಸಿದವರು ಹಂಗೇರಿ ಮೂಲದ ಅಮೆರಿಕದ ಭೌತಶಾಸ್ತ್ರ ಪ್ರಾಧ್ಯಾಪಕ ಅರ್ಪಾಡ್ ಎಲೊ. ಅಮೆರಿಕದ ಚೆಸ್ ಫೆಡರೇಷನ್ ಇದನ್ನು 1960ರಲ್ಲಿ ಒಪ್ಪಿಕೊಂಡಿತು, ಅಂತರರಾಷ್ಟ್ರೀಯ ಒಕ್ಕೂಟ ಫಿಡೆ 1970ರಲ್ಲಿ. ಲೆಕ್ಕ ಹೇಳುವುದು ಇಷ್ಟೇ: ನೀವು ಎದುರಾಳಿಗಿಂತ 200 ಅಂಕ ಮೇಲಿದ್ದರೆ, ಗೆಲುವಿಗೆ ಒಂದು, ಡ್ರಾಗೆ ಅರ್ಧ ಪಾಯಿಂಟ್‌ನಂತೆ ನೂರು ಆಟಗಳಲ್ಲಿ ನಿಮಗೆ ಸುಮಾರು 76 ಪಾಯಿಂಟ್ ಬರಬೇಕು. ಉಳಿದ 24 ಎದುರಾಳಿಯದು. ಹಾಗಾಗಿ ಕೆಳಗಿನವರ ಕೈಯಲ್ಲಿ ಆಗಾಗ ಸೋಲುವುದು ಅವಮಾನವಲ್ಲ, ಅದು ಲೆಕ್ಕದೊಳಗೇ ಇದೆ. ಈ ಅಳತೆ ಎಷ್ಟು ಒರಟು ಎಂಬುದು ಎಲೊ ಅವರಿಗೇ ಗೊತ್ತಿತ್ತು. ನೀರಿನಲ್ಲಿ ಮೇಲೆ ಕೆಳಗೆ ಆಡುವ ಬೆಂಡನ್ನು, ಹಗ್ಗಕ್ಕೆ ಕಟ್ಟಿ ಗಾಳಿಗೆ ತೂಗಾಡುವ ಅಳತೆಗೋಲಿನಿಂದ ಅಳೆದ ಹಾಗೆ ಎಂದು ಅವರು ಹೇಳಿದ್ದರು.

2024ರ ಮಾರ್ಚ್‌ನಲ್ಲಿ ಫಿಡೆ 2000ಕ್ಕಿಂತ ಕೆಳಗಿನ ರೇಟಿಂಗ್‌ಗಳನ್ನು ಒಂದೇ ಸಲಕ್ಕೆ ಏರಿಸಿತು. 1500 ಇದ್ದವರು 1700 ಆದರು, ಒಂದು ಕಾಲಾಳನ್ನೂ ನಡೆಸದೆ. ಅವರ ಆಟವೇನೂ ಬದಲಾಗಿರಲಿಲ್ಲ.

ಹೀಗಿದ್ದೂ ಅಂಕ ಹೋದೀತೆಂಬ ಭಯ ಆಟವನ್ನೇ ಕೆಡಿಸುತ್ತದೆ. 1700 ರೇಟಿಂಗ್‌ನ ಒಬ್ಬರು 1500ರ ಹುಡುಗಿಯ ಎದುರು ಕೂತಿದ್ದಾರೆ ಎಂದುಕೊಳ್ಳಿ. ಬೋರ್ಡಿನ ಮೇಲೆ ಇಬ್ಬರಿಗೂ ಒಂದೊಂದು ಆನೆ, ಇವರಿಗೆ ಒಂದು ಕಾಲಾಳು ಹೆಚ್ಚು, ರಾಜನೂ ಚುರುಕಾಗಿದ್ದಾನೆ. ಗೆಲ್ಲಬಹುದು, ಆದರೆ ಇನ್ನೂ ಮೂವತ್ತು ನಡೆ ಹುಷಾರಾಗಿ ಆಡಬೇಕು. ಗಡಿಯಾರದಲ್ಲಿ ಹೊತ್ತು ಕಡಿಮೆ. ಅವರ ತಲೆಯಲ್ಲಿ ಓಡುವುದು ಬೇರೆಯೇ ಲೆಕ್ಕ: ಗೆದ್ದರೆ ಸಿಗುವುದು ಐದು ಅಂಕವೂ ಇಲ್ಲ, ಡ್ರಾ ಆದರೆ ಹೋಗುವುದು ಐದು, ಸೋತರೆ ಹದಿನೈದು. ಸರಿ, ಕೈ ಚಾಚಿ ಡ್ರಾ ಕೇಳುತ್ತಾರೆ. ಹುಡುಗಿ ಸಂತೋಷದಿಂದ ಒಪ್ಪುತ್ತಾಳೆ. ಎಳೆಯರ ಅಂಕ ಏರಿಳಿಯುವ ವೇಗ ಇಮ್ಮಡಿ. ಅವಳಿಗೆ ಹತ್ತು ಅಂಕ ಬಂತು. ನನಗೆ ಬೇಸರವಾಗುವುದು ಆ ಐದು ಅಂಕಕ್ಕಲ್ಲ. ಆನೆಗಳು ಉಳಿದಿರುವ ಕೊನೆಯ ಹಂತದ ಆಟ ಕಲಿಯಲು ಸಿಕ್ಕ ಒಳ್ಳೆಯ ಅವಕಾಶವನ್ನು ಅವರು ಕೈಯಾರೆ ಕಳೆದುಕೊಂಡರು. ಅಂಥ ಸ್ಥಿತಿ ನಿಜವಾದ ಪಂದ್ಯದಲ್ಲಿ ಬೇಕೆಂದಾಗ ಸಿಗುವುದಿಲ್ಲ. ಇದೇ ಭಯಕ್ಕೆ ಮಕ್ಕಳು ಹೆಚ್ಚಾಗಿರುವ ಟೂರ್ನಿಗಳಿಗೆ ಕಾಲಿಡದವರೂ ಇದ್ದಾರೆ. ಮಕ್ಕಳ ಆಟ ಅವರ ರೇಟಿಂಗ್‌ಗಿಂತ ಮುಂದೆ ಓಡುತ್ತಿರುತ್ತದೆ, ನಿಜ. ಆದರೆ ಅವರಷ್ಟು ಕಲಿಸುವ ಎದುರಾಳಿಗಳೂ ಅಪರೂಪ.

ಬಿರುದುಗಳ ಮಾತು ಬೇರೆ. ಗ್ರ್ಯಾಂಡ್‌ಮಾಸ್ಟರ್ ಆಗಲು 2500 ರೇಟಿಂಗ್ ಮುಟ್ಟುವುದರ ಜೊತೆಗೆ ನಾರ್ಮ್‌ಗಳನ್ನೂ, ಅಂದರೆ ಟೂರ್ನಿಯಲ್ಲಿ ಆ ಬಿರುದಿನ ಮಟ್ಟದ ಆಟ ತೋರಿಸಿದ್ದಕ್ಕೆ ಸಿಗುವ ಮನ್ನಣೆಯನ್ನೂ, ಗಳಿಸಬೇಕು. ಇಂಟರ್‌ನ್ಯಾಷನಲ್ ಮಾಸ್ಟರ್‌ಗೆ 2400 ಮತ್ತು ನಾರ್ಮ್‌ಗಳು. ಫಿಡೆ ಮಾಸ್ಟರ್‌ಗೆ 2300, ಕ್ಯಾಂಡಿಡೇಟ್ ಮಾಸ್ಟರ್‌ಗೆ 2200 ಮುಟ್ಟಿದರೆ ಸಾಕು. ‘ಸಾಕು’ ಎಂದೆನಲ್ಲ, ಆ 2200 ಸಹ ಕೆಲಸ, ಸಂಸಾರದ ನಡುವೆ ಆಡುವ ಬಹುಪಾಲು ಜನರಿಗೆ ಎಟುಕುವುದಿಲ್ಲ. ಬಿರುದು ಸಿಕ್ಕಿದ ಮೇಲೆ ರೇಟಿಂಗ್ ಇಳಿದರೂ ಅದು ಉಳಿಯುತ್ತದೆ. ಹಾಗಾಗಿ 2000ಕ್ಕೆ ಇಳಿದಿರುವ ಹಿರಿಯ ಫಿಡೆ ಮಾಸ್ಟರ್ ಒಬ್ಬರು ಬಿರುದಿಲ್ಲದ ಎಳೆಯನ ಎದುರು ಸೋತಾಗ ‘ಇವರೆಂಥ ಮಾಸ್ಟರ್’ ಎಂದು ಪಿಸುಗುಡುವುದು ಅನ್ಯಾಯ. ಬಿರುದು ಹಿಂದೆ ಮಾಡಿದ ಸಾಧನೆಗೆ ಸಂದದ್ದು. ಈಗಿನ ಬಲ ಹೇಳಲು ರೇಟಿಂಗ್ ಇದೆಯಲ್ಲ.

ನಮ್ಮಂಥ ಹವ್ಯಾಸಿಗಳಿಗೆ ಆ ಬಿರುದಿನ ನಿಜವಾದ ಪ್ರಯೋಜನ ಸಿಗುವುದು ಆಟ ಮುಗಿದ ಮೇಲೆ. ಸೋತ ಪಂದ್ಯವನ್ನು ಮತ್ತೆ ಬೋರ್ಡಿನ ಮೇಲೆ ಹಾಕಿ, ‘ಇಲ್ಲಿ ಕುದುರೆ ಯಾಕೆ ಹಿಂದೆ ತಂದಿರಿ?’ ಎಂದು ಮಾಸ್ಟರ್ ಕೇಳಿದಾಗ, ನಾವು ಕಂಡೇ ಇರದ ದಾರಿ ತೆರೆದುಕೊಳ್ಳುತ್ತದೆ. ಮಾಸ್ಟರ್ ಒಬ್ಬರ ಎದುರು ಆಡುವ ಅವಕಾಶ ಬಂದರೆ, ಅಂಕ ಎಷ್ಟು ಹೋಯಿತೆಂದು ಮೊಬೈಲ್ ತೆಗೆಯುವ ಮೊದಲು ಅವರನ್ನು ಕೇಳಿ ನೋಡಿ: ‘ಹತ್ತು ನಿಮಿಷ ಕೂತು ಈ ಆಟ ನೋಡೋಣವೇ?’ ಬಿಡುವಿದ್ದರೆ ಇಲ್ಲ ಎನ್ನುವವರು ಕಡಿಮೆ.

ನಮಸ್ಕಾರ.